ರಾಯ್ಸ್‌ಗಾಗಿ ವಿನಿ ಇಟ್ಟ ಊಟ

ವಿನಿ ಬುಶೇ ನಮ್ಮ ಅಂಗಳಕ್ಕೆ ಕಾರು ತಿರುಗಿಸಿದಳೆಂದರೆ ನಾನು ಹಿತ್ತಿಲ ಬಾಗಿಲಿಂದ ಜಾರಿಕೊಳ್ಳುತ್ತಿದ್ದೆ. ಕೆಟ್ಟವಳಲ್ಲ, ಖಂಡಿತ ಅಲ್ಲ. ಅಮೆರಿಕದ ಈ ಮೂಲೆಯ ಇಡೀ ಮೇನ್ ರಾಜ್ಯ ಹುಡುಕಿದರೂ ಅಂಥ ಹೆಂಗಸು ಸಿಗುವುದು ಕಷ್ಟ. ಶಾಲೆಯ ಬಸ್ಸು ಓಡಿಸುತ್ತಿದ್ದವಳು, ಊರಿನ ಅರ್ಧ ಜನರನ್ನು ಮೂಗು ಸುರಿಸುವ ಕಾಲದಿಂದ ಬಲ್ಲವಳು. ಆದರೆ ಕೈಯಲ್ಲಿ ಯಾವಾಗಲೂ ಆ ಸಹಿ ಹಾಕಿಸುವ ಹಾಳೆ! ಅವಳ ಗಂಡ ಫ್ರಾಂಕ್, ಚಿಕಿತ್ಸೆಗೆ ಇನ್ಶೂರೆನ್ಸ್ ಕಂಪನಿಯವರು ಒಪ್ಪಲಿ ಎಂದು ಕಾದು ಕಾದೇ ತೀರಿಕೊಂಡ. ಆಗ ಹಿಡಿದ ಹಾಳೆಯನ್ನು ಅವಳು ಕೆಳಗಿಟ್ಟದ್ದೇ ಇಲ್ಲ.

"ಎಲ್ವುಡ್, ಸ್ವಲ್ಪ ಕಿವಿಗೊಟ್ಟು ಕೇಳು ಮಾರಾಯ. ಎಲ್ಲರೂ ತೆರಿಗೆ ಕಟ್ಟೋದು. ಯಾರಿಗೆ ಕಾಯಿಲೆ ಬಂದ್ರೂ ಬಿಲ್ಲು ಆ ಒಂದೇ ಖಜಾನೆಯಿಂದ. ಕಂಪನಿಯೋರ ಕಾಲು ಹಿಡಿಯೋದೇ ಬೇಡ. ಇದನ್ನ ರಾಜ್ಯದ ಜನರ ಮತಕ್ಕೆ ಹಾಕಿ ಅಂತ ಕೇಳೋಕೆ ಒಂದೇ ಒಂದು ಸಹಿ."

"ರಸ್ತೆ ಗುಂಡಿ ಮುಚ್ಚೋಕೆ ಬರದ ಸರ್ಕಾರದ ಕೈಲಿ ನನ್ನ ಹೊಟ್ಟೆ ಕೊಯ್ಸ್ತೀಯಾ?"

"ಕೊಯ್ಯೋನು ಡಾಕ್ಟ್ರು ಕಣೋ ದಡ್ಡ. ಸರ್ಕಾರ ದುಡ್ಡು ಕೊಡುತ್ತೆ, ಅಷ್ಟೆ."

"ಹೋಗೇ ಹೋಗೇ. ನಮ್ಮೋರನ್ನ ನಾವೇ ನೋಡ್ಕೋತೀವಿ."

ಊರಿನವರೆಲ್ಲ ಹೇಳುತ್ತಿದ್ದ ಮಾತು ಅದು. ಬರೀ ಬಾಯಿಮಾತೂ ಅಲ್ಲ. ಯಾರಾದರೂ ಕಾಯಿಲೆ ಬಿದ್ದರೆ ರೈತರ ಹಳೆಯ ಸಂಘದ ಸಭಾಂಗಣದಲ್ಲಿ ಅವರ ಹೆಸರಿನಲ್ಲಿ ಬೀನ್ಸ್ ಕಾಳಿನ ಊಟ ಇಡುತ್ತೇವೆ. ಶುಕ್ರವಾರ ಸಂಜೆ ನಾನು ಗುಂಡಿಯಲ್ಲಿ ಕೆಂಡ ಮಾಡಿ, ಉಪ್ಪು ಹಾಕಿಟ್ಟ ಹಂದಿಮಾಂಸ, ಕಾಕಂಬಿ ಹಾಕಿದ ಬೀನ್ಸ್ ಹಂಡೆಯನ್ನು ಅದರಲ್ಲಿ ಹೂತು ಮಣ್ಣು ಮುಚ್ಚುತ್ತೇನೆ. ಶನಿವಾರ ಸಂಜೆ ತೆಗೆದರೆ ಬೆಣ್ಣೆಯ ಹಾಗೆ ಬೆಂದಿರುತ್ತದೆ. ತಿಂದವರು ಬಾಗಿಲಲ್ಲಿಟ್ಟ ಡಬ್ಬಿಗೆ ಕೈಲಾದಷ್ಟು ಹಾಕಿ ಹೋಗುತ್ತಾರೆ. ಬೇಸ್‌ಬಾಲ್ ಕೋಚ್ ಡೆನಿಸ್‌ನ ಮಗಳಿಗೆ ರಕ್ತದ ಕ್ಯಾನ್ಸರ್ ಆದಾಗ ಸಾಲು ರಸ್ತೆಯವರೆಗೆ ನಿಂತಿತ್ತು, ಎರಡು ಹಂಡೆಯ ತಳ ಕೆರೆದು ಬಡಿಸಿದೆವು. ಇಂಥ ಊಟಗಳನ್ನೆಲ್ಲ ಓಡಾಡಿ ಏರ್ಪಾಡು ಮಾಡುತ್ತಿದ್ದವಳು ಯಾರೆಂದುಕೊಂಡಿರಿ? ಇದೇ ವಿನಿ. "ಕಾಯಿಲೆಗೆ ಹೀಗೆ ಡಬ್ಬಿ ಇಡೋ ಗತೀನ ಬೈಕೊಂಡೇ ಬಡಿಸ್ತೀನಿ ಕಣೋ. ಹಸಿದೋರ ಮುಂದೆ ವಾದ ಮಾಡೋಕಾಗುತ್ತಾ?" ಎನ್ನುತ್ತಿದ್ದಳು.

ಇಷ್ಟರಲ್ಲಿ ರಾಯ್ಸ್ ಹ್ಯಾಸ್ಕೆಲ್ ಕಾಯಿಲೆ ಬಿದ್ದ.

ಚಳಿಗಾಲದಲ್ಲಿ ಮನೆಗಳ ಮುಂದಿನ ಹಿಮ ತಳ್ಳುವ ಟ್ರಕ್ಕು ಅವನದು. ಸಿಟ್ಟು ಮೂಗಿನ ತುದಿಯಲ್ಲೇ. ದುಡ್ಡು ಕೊಡುವುದು ಎರಡು ದಿನ ತಡವಾದರೆ ತಳ್ಳಿದ ಹಿಮವನ್ನೇ ವಾಪಸು ತಂದು ಬಾಗಿಲಿಗೆ ಸುರಿದು ಹೋಗುತ್ತಿದ್ದ. ಒಂದು ಮರದ ವಿಷಯಕ್ಕೆ ಚರ್ಚಿನ ಮೇಲೇ ಕೇಸು ಹಾಕಿದ ಪುಣ್ಯಾತ್ಮ. ಕೋಳಿ ಅಟ್ಟಿಸಿಕೊಂಡು ಹೋಯಿತೆಂದು ನನ್ನ ನಾಯಿಯನ್ನು ಗುಂಡಿಕ್ಕಿ ಕೊಂದ. ಆ ನಾಯಿ ನನ್ನ ಮಂಚದ ಮೇಲೆ ಮಲಗುತ್ತಿತ್ತು.

ಅವನ ಹೃದಯದ ಕವಾಟ ಕೆಟ್ಟಿತ್ತು. ಅರವತ್ತೈದಾಗಿದ್ದರೆ ಮುದುಕರಿಗೆಂದು ಇರುವ ಸರ್ಕಾರದ ವಿಮೆ ಸಿಗುತ್ತಿತ್ತು, ಅವನಿಗಿನ್ನೂ ಅರವತ್ತೆರಡು. ಬಡವರ ನೆರವಿಗೆ ಅವನ ಸಂಪಾದನೆ ಚೂರು ಹೆಚ್ಚು, ವಿಮೆ ಕೊಳ್ಳಲು ಚೂರು ಕಮ್ಮಿ. ಮುಂಗಡ ಕಟ್ಟದೆ ಆಪರೇಷನ್ನಿಗೆ ದಿನ ಗೊತ್ತು ಮಾಡುವುದಿಲ್ಲ ಎಂದರು ದೊಡ್ಡಾಸ್ಪತ್ರೆಯವರು. ಆಪರೇಷನ್ ಆಗದಿದ್ದರೆ ಮುಂದಿನ ಬೇಸಿಗೆ ದಾಟುವುದಿಲ್ಲ ಎಂದರು ಡಾಕ್ಟರು.

ವಿನಿ ಬಂದಳು. ಅವತ್ತು ಜಾರಿಕೊಳ್ಳಲು ಆಗಲಿಲ್ಲ.

"ಬರೋ ಶುಕ್ರವಾರ ಬೀನ್ಸ್ ಹೂಳ್ಬೇಕು."

"ಯಾರಿಗೆ?"

"ರಾಯ್ಸ್‌ಗೆ."

"ಬೇಕಾದ್ರೆ ಅವನನ್ನೇ ಹೂಳ್ತೀನಿ."

"ನಮ್ಮೋರನ್ನ ನಾವೇ ನೋಡ್ಕೋತೀವಿ ಅಂದೋನು ನೀನೇ ತಾನೇ? ನೋಡ್ಕೋ ಮತ್ತೆ," ಎಂದಳು. ನಾನು ಕಾಕಂಬಿ ತರಲು ಹೋದೆ.

ಅವನ ಹೆಸರು ಕೇಳಿದರೆ ಒಂದು ನರಪಿಳ್ಳೆಯೂ ಬರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಅದಕ್ಕೇ ಆ ವಾರ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಮನೆ ಮನೆಗೆ ಹೊರಟಳು, ಮನಸ್ಸು ನೋಯಿಸಿದವರ ಹತ್ತಿರವೆಲ್ಲ ಕ್ಷಮೆ ಕೇಳಿಸಲು. ನಮ್ಮ ಮನೆಗೂ ಬಂದರು. ರಾಯ್ಸ್ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತ. ತುಟಿ ನೀಲಿಗಟ್ಟಿತ್ತು.

"ಹೇಳು ರಾಯ್ಸ್, ಕಾರಲ್ಲಿ ಹೇಳ್ಕೊಟ್ಟಿಲ್ವಾ?" ಎಂದಳು ವಿನಿ.

ಅವನು ನನ್ನ ಮುಖ ನೋಡಿದ. "ನಿನ್ನ ನಾಯಿ ನನ್ನ ಕೋಳಿಗೂಡಲ್ಲಿತ್ತು ಎಲ್ವುಡ್. ನಾಳೆ ಬಂದ್ರೂ ಹೊಡೀತೀನಿ."

"ಅಯ್ಯೋ ನಿನ್ನ!" ಎಂದು ವಿನಿ ಹಣೆ ಚಚ್ಚಿಕೊಂಡಳು. ಅವನು ಕಂಬಿ ಹಿಡಿದು ನಿಧಾನಕ್ಕೆ ಇಳಿದುಹೋದ. ವಿನಿ ಮಾತ್ರ ನನ್ನ ಜಗಲಿಯಲ್ಲಿ ಕುಸಿದು ಕೂತಳು.

"ಇಷ್ಟು ವರ್ಷ ಇದೇ ಬಾಗಿಲುಗಳಲ್ಲಿ ನಿಂತು ಏನು ಹೇಳಿದೆ ನಾನು? ಕಾಯಿಲೆ ಬಿದ್ದೋನ ಗುಣ ನೋಡ್ಬೇಡಿ, ಮನುಷ್ಯ ಅಂತ ನೋಡಿ ಅಂದೆ. ಈಗ ಅವನಿಗೆ ಹಲ್ಲು ಕಿರಿಯೋದು ಕಲಿಸ್ತಿದ್ದೀನಿ. ಥೂ, ನನ್ನ ಜನ್ಮಕ್ಕಿಷ್ಟು!" ಎಂದು ಅತ್ತಳು. ಫ್ರಾಂಕ್‌ನನ್ನು ಮಣ್ಣು ಮಾಡಿದ ದಿನವೂ ಅವಳು ಅತ್ತದ್ದು ನಾನು ಕಂಡಿರಲಿಲ್ಲ. ಒಂದು ಲೋಟ ಕಾಫಿ ಕೊಟ್ಟೆ. ಬೇರೇನು ಮಾಡಲಿ?

ಶನಿವಾರ ಹಂಡೆ ತೆಗೆದಾಗ ಬೀನ್ಸ್ ಚೆನ್ನಾಗಿಯೇ ಬೆಂದಿತ್ತು. ಕಂದು ಬ್ರೆಡ್ಡು, ಎಲೆಕೋಸಿನ ಕೋಸಂಬರಿ, ವಿನಿ ಮಾಡಿದ ಸೇಬಿನ ಪೈಗಳು ಮೇಜಿನ ತುಂಬ ಇದ್ದವು. ರಾಯ್ಸ್ ಇಸ್ತ್ರಿ ಅಂಗಿ ತೊಟ್ಟು, ಮಂಡಿಯ ಮೇಲೆ ಕೈಯಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದ. ಅವನ ಹೆಂಡತಿ ಕಾರ್ಲಾ ಬಾಗಿಲಲ್ಲಿ ಡಬ್ಬಿಯಿಟ್ಟುಕೊಂಡು ಕೂತಿದ್ದಳು. ಬೇರೆ ಊರಿಂದ ಬಂದ ಮೆತ್ತನೆಯ ಹೆಂಗಸು, ಗಂಡನ ದೆಸೆಯಿಂದ ಅವಳನ್ನೂ ಯಾರೂ ಮಾತಾಡಿಸುತ್ತಿರಲಿಲ್ಲ. ರಸ್ತೆಯಲ್ಲಿ ಕಾರು ಬಂದಾಗಲೆಲ್ಲ ಎದ್ದು ನಿಂತು ನಗು ತಂದುಕೊಳ್ಳುತ್ತಿದ್ದಳು. ಕಾರು ಮುಂದಕ್ಕೆ ಹೋಗುತ್ತಿತ್ತು. ಮತ್ತೆ ಕೂರುತ್ತಿದ್ದಳು.

ಪಾದ್ರಿ ಬಂದರು, ಪಾಪ, ಕೇಸು ಹಾಕಿಸಿಕೊಂಡವರೇ. ಎಲ್ಲಿ ಊಟವಿದ್ದರೂ ಬರುವ ಒಬ್ಬ ಮುದುಕಿ ಬಂದಳು. ಮತ್ತೆ ಯಾರೂ ಇಲ್ಲ. ವಿನಿ ಅಡುಗೆಮನೆಯಿಂದ ಒಬ್ಬೊಬ್ಬರಿಗೂ ಫೋನು ಮಾಡಿದಳು. "ಡೆನಿಸ್, ನಿನ್ನ ಮಗಳ ಊಟಕ್ಕೆ ಎಷ್ಟು ಜನ ಬಂದಿದ್ರು ನೆನಪಿದೆಯಾ?" ಎಂದದ್ದು ನನಗೆ ಕೇಳಿಸಿತು. ಆಮೇಲೆ, "ಮಗು ಬೇರೆ, ರಾಯ್ಸ್ ಬೇರೆ, ಅಲ್ವಾ? ಸರಿಯಪ್ಪ," ಎಂದು ಫೋನು ಇಟ್ಟಳು. ಡೆನಿಸ್‌ನನ್ನು ಬೈಯೋಣವೆಂದರೆ ನನಗೇನು ಯೋಗ್ಯತೆ? ಬೀನ್ಸ್ ಬೇಯಿಸುವ ಕೆಲಸ ನನ್ನದಾಗಿರದಿದ್ದರೆ ನಾನೂ ಬರುತ್ತಿರಲಿಲ್ಲ.

ಏಳರ ಹೊತ್ತಿಗೆ ರಾಯ್ಸ್ ಮೆಲ್ಲಗೆ ಎದ್ದು ಹೋಗಿ ಟ್ರಕ್ಕಿನಲ್ಲಿ ಕೂತ. ನಾವು ಕುರ್ಚಿ ಮಡಚತೊಡಗಿದೆವು. ಕಾರ್ಲಾ ಡಬ್ಬಿ ಮುಚ್ಚಿ ನಮ್ಮ ಹತ್ತಿರ ಬಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ನಿಮಗೆ ಈ ಊರು ಗೊತ್ತು, ಅದಕ್ಕೇ ಕೇಳ್ತೀನಿ," ಎಂದಳು. "ಇವತ್ತಿಂದಾನೇ ನಮ್ಮನೆಯವರು ಒಳ್ಳೆಯವರಾಗಿ ನಡ್ಕೊಂಡ್ರೆ, ಹಿಮ ಕರಗೋ ಹೊತ್ತಿಗೆ ಇನ್ನೊಂದು ಊಟ ಇಡಬಹುದಾ? ಡಾಕ್ಟ್ರು ಬೇಸಿಗೆವರೆಗೆ ಅಂದಿದ್ದಾರಲ್ಲ. ಅಷ್ಟರೊಳಗೆ ಜನ ಇಷ್ಟಪಡಬಹುದಾ?"

ಊರಿನ ಪ್ರತಿಯೊಂದು ಮಾತಿಗೂ ಉತ್ತರ ಇಟ್ಟುಕೊಂಡಿದ್ದ ವಿನಿ ಬಟ್ಟೆ ತೆಗೆದುಕೊಂಡು, ಆಗಲೇ ಒರೆಸಿದ್ದ ಮೇಜನ್ನೇ ಒರೆಸತೊಡಗಿದಳು.

"ಇಡಬಹುದಮ್ಮ," ಎಂದೆ ನಾನು.

ಕಾರ್ಲಾಳ ಮುಖ ಅರಳಿತು. "ಹಾಗಾದ್ರೆ ಅವರನ್ನ ಮೊದಲು ಯಾರ ಮನೆಗೆ ಕಳಿಸ್ಲಿ, ಹೇಳಿ," ಎಂದಳು.