ದ್ರಾಕ್ಷಿತೋಟದ ವರ್ತಾನ್ ಅಂಕಲ್

ಬ್ರಿಡ್ಜ್‌ವಾಟರ್ ಪಟ್ಟಣದ ಆಚೆಯ ಗುಡ್ಡದಲ್ಲಿ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ದ್ರಾಕ್ಷಿ ಬೆಳೆದು ವೈನ್ ಮಾಡುವ ಆರ್ಮೇನಿಯದ ವರ್ತಾನ್ ಅಂಕಲ್‌ಗೆ ಈ ವಿದ್ಯೆಯಲ್ಲಿ ಫ್ರಾನ್ಸಿನವರೆಂದರೆ ಮೊನ್ನೆ ಮೊನ್ನೆ ಕಣ್ಣುಬಿಟ್ಟ ಮಕ್ಕಳು. "ಪ್ರಳಯ ಇಳಿದ ಮೇಲೆ ಬೈಬಲ್ಲಿನ ನೋವಾ ಮೊದಲ ದ್ರಾಕ್ಷಿಬಳ್ಳಿ ನೆಟ್ಟದ್ದು ನಮ್ಮೂರಲ್ಲೇ" ಎಂದು ಬಂದವರಿಗೆಲ್ಲ ಹೇಳುವ ಠೀವಿ ನೋಡಿದರೆ, ಅಂದು ಗುದ್ದಲಿ ಹಿಡಿದವರು ಇವರೇ ಎನ್ನಬೇಕು. ವೈನ್ ಮುಟ್ಟದ ನನ್ನ ಹೆಂಡತಿ ರಮಾಮಣಿಗೆ ದ್ರಾಕ್ಷಿರಸ ಕೊಟ್ಟು, "ಇದು ಇನ್ನೂ ಮೀಸೆ ಬರದ ವೈನ್, ಕುಡಿ ಮಗಳೇ" ಎನ್ನುತ್ತಾರೆ. ಊರಿನ ಮಣ್ಣಿನ ಬಣ್ಣ, ಬಾವಿನೀರಿನ ರುಚಿ ಎಲ್ಲವೂ ಅವರಿಗೆ ಬಾಯಿಪಾಠ. ಎಪ್ಪತ್ತನಾಲ್ಕನೇ ಇಸವಿಯ ಕೊಯ್ಲಿನಲ್ಲಿ ರಮಾಮಣಿ, "ಊರು ಬಿಟ್ಟು ಎಷ್ಟು ವರ್ಷ ಆಯ್ತು ಅಂಕಲ್?" ಎಂದು ಕೇಳಿದಳು. ಅವರು ಕೊಯ್ದ ಗೊಂಚಲನ್ನು ಬುಟ್ಟಿಗಿಟ್ಟು ಹೇಳಿದರು: "ನಾನು ಊರು ನೋಡೇ ಇಲ್ಲ. ನಮ್ಮವರ ಕಗ್ಗೊಲೆ ನಡೆದಾಗ ಅಮ್ಮ ಜೀವ ಉಳಿಸಿಕೊಂಡು ಓಡಿಬಂದಳು, ಆಗ ಅವಳ ಹೊಟ್ಟೇಲಿದ್ದೆ. ಅವಳು ಹೇಳಿದ್ದರಲ್ಲಿ ಒಂದು ಮಾತೂ ಮರೆತಿಲ್ಲ. ಒಂದೆರಡು ಸೇರಿಸಿರಬಹುದು, ಅಷ್ಟೇ."