ಛಾವಣಿ ಹತ್ತದ ಉಸ್ತಾದ

ಗೋರಖನಾಥ ಭಾಲ್ಕಿಯಲ್ಲಿ, ಬೀದರ್ ರಸ್ತೆಗೆ ವೆಲ್ಡಿಂಗ್ ಅಂಗಡಿ ಇಟ್ಟವನು. ಠಾಣಾ ಕುಶನೂರಿನ ಕೈಲಾಶ ಅವನ ಕೈಕೆಳಗೇ ಕೆಲಸ ಕಲಿತ. ಮೊದಲ ವರ್ಷ ಕೈಲಾಶ ಮಾಡಿದ ಕಿಟಕಿಗಳನ್ನೆಲ್ಲ ಗೋರಖನಾಥನೇ ಮತ್ತೆ ಉಜ್ಜಿ ಸರಿಪಡಿಸಬೇಕಾಗುತ್ತಿತ್ತು.

ಕತಾರಿನಲ್ಲಿ ಫುಟ್‌ಬಾಲ್ ವಿಶ್ವಕಪ್ಪಿನ ಸ್ಟೇಡಿಯಂ ಕಟ್ಟಲು ವೆಲ್ಡರುಗಳು ಬೇಕೆಂದಾಗ ಇಬ್ಬರೂ ಹೈದರಾಬಾದಿಗೆ ಹೋಗಿ ಪರೀಕ್ಷೆ ಕೊಟ್ಟರು. ಗೋರಖನಾಥನ ಬೆಸುಗೆಯನ್ನು ಪರೀಕ್ಷಕ ಉಳಿದವರಿಗೆ ಕರೆದು ತೋರಿಸಿದ. ಆದರೆ ಎದೆಯ ಎಕ್ಸ್‌ರೇಯಲ್ಲಿ, ಚಿಕ್ಕಂದಿನಲ್ಲಿ ಬಂದು ವಾಸಿಯಾದ ಕ್ಷಯದ ಕಲೆ ಕಂಡಿತು. ಅಂಥ ಕಲೆ ಇದ್ದವರನ್ನು ಅಲ್ಲಿಗೆ ಬಿಡುವುದಿಲ್ಲವಾದ್ದರಿಂದ ವೀಸಾ ಕೈಲಾಶನೊಬ್ಬನಿಗೇ ಸಿಕ್ಕಿತು.

ಮೂರು ತಿಂಗಳಿಗೆ ಅವನ ಫೋಟೊ ಬಂತು. ದೊಡ್ಡ ಬಿಳಿ ಛಾವಣಿಯ ಕೆಳಗೆ ಹೆಲ್ಮೆಟ್ ಹಾಕಿ ನಿಂತಿದ್ದ. ಅಂದಿನಿಂದ ಗೋರಖನಾಥ ಅವನ ಫೋನ್ ಎತ್ತಲಿಲ್ಲ. ಯಾರಾದರೂ ಕೈಲಾಶನ ಸುದ್ದಿ ತೆಗೆದರೆ ಗ್ರೈಂಡರ್ ಚಾಲೂ ಮಾಡುತ್ತಿದ್ದ.

ವಿಶ್ವಕಪ್ ಶುರುವಾದಾಗ ಪಕ್ಕದ ಲಾಲ ಅಹ್ಮದನ ಹೋಟೆಲಿನಲ್ಲಿ ಟಿವಿ ಮುಂದೆ ಜನ ಕೂಡಿದರು.

"ಆ ಛತ್ತ ನೋಡ್ರಿ, ನಮ್ಮ ಕೈಲಾಶ ಮಾಡಿದ್ದು," ಎಂದು ಲಾಲ ಅಹ್ಮದ ಸ್ಟೇಡಿಯಮ್ಮಿನ ಛಾವಣಿಗೆ ಬೆರಳು ತೋರಿಸಿದ.

ಗೋರಖನಾಥ ಚಹಾದ ಕಪ್ಪು ಕೆಳಗಿಟ್ಟ. "ಅಂವ ಛತ್ತ ಹತ್ತೇ ಇಲ್ಲ. ಸಂಡಾಸದ ಬಾಗಿಲ ಕೂಡಿಸ್ಯಾನ."

ಎಲ್ಲರೂ ನಕ್ಕರು. ಆ ರಾತ್ರಿ ಅವನು ಹೊಟ್ಟೆ ತುಂಬ ಉಂಡ.

ಆ ಮಾತು ಠಾಣಾ ಕುಶನೂರಿಗೂ ಮುಟ್ಟಿ, ಎರಡೇ ದಿನಕ್ಕೆ ಕೈಲಾಶನ ಹೆಂಡತಿ ಸುವರ್ಣಾ ಬಸ್ ಹತ್ತಿ ಅಂಗಡಿಗೆ ಬಂದಳು.

"ಅಣ್ಣಾರ, ನೀವು ಅಲ್ಲಿಗಿ ಹೋಗಿ ನೋಡಿ ಬಂದೀರೇನ್ರಿ?"

"ಮಂದಿ ಏನರೆ ಅಂತಾರ, ತಂಗಿ."

"ಮಂದಿ ಅಲ್ರಿ. ನೀವೇ ಅಂದೀರಿ."

ಅವಳು ಕೂರಲಿಲ್ಲ, ನೀರೂ ಕುಡಿಯಲಿಲ್ಲ. ಬಂದ ಹಾಗೇ ಹೋದಳು.

ಜನವರಿಯಲ್ಲಿ ಕೈಲಾಶ ಊರಿಗೆ ಬಂದವನು ನೆಟ್ಟಗೆ ಅಂಗಡಿಗೇ ಬಂದ. "ಉಸ್ತಾದ, ಬಾಗಿಲದ ಮಾತು ನಿಮಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ಹೊಟ್ಟಿಕಿಚ್ಚಿಗಿ ಅಂದೆ."

ಕೈಲಾಶ ಸ್ಟೂಲು ಎಳೆದು ಕೂತ. "ಖರೇನೇ ಅದರಿ. ಆರು ತಿಂಗಳ ಬಾಗಿಲಾನೇ ಕೂಡಿಸಿದೆ. ಆಮ್ಯಾಲ ಗ್ಯಾಲರಿ ರೇಲಿಂಗಿಗಿ ಹಾಕಿದ್ರು. ಛತ್ತಿನ ಕೆಲಸ ನನಗ ಕೊಡಲಿಲ್ಲ. ಸುವರ್ಣಾಗ ಹೇಳಿದ್ದಿಲ್ಲ. ನೀವು ಬಂದಿದ್ರ ನಿಮ್ಮನ್ನ ಛತ್ತಿಗೇ ಏರಿಸ್ತಿದ್ರು."

ತಾನು ಹುಟ್ಟಿಸಿದ ಸುಳ್ಳು ನಿಜವಾಗಿತ್ತು. ಗೋರಖನಾಥನಿಗೆ ಸಂತೋಷವಾಗಲಿಲ್ಲ, ಕೊನೆಯ ಮಾತಿಗೆ ಹೊಟ್ಟೆ ಇನ್ನಷ್ಟು ಉರಿಯಿತು. ಕೈಲಾಶ ಮೊಬೈಲಿನಲ್ಲಿ ರೇಲಿಂಗಿನ ಫೋಟೊ ತೋರಿಸಿದ. ಗೋರಖನಾಥ ಅದನ್ನು ದೊಡ್ಡದು ಮಾಡಿ ಒಂದೊಂದೇ ಬೆಸುಗೆ ನೋಡಿದ. ಎಲ್ಲೂ ಏರುಪೇರಿರಲಿಲ್ಲ.

"ಛಲೋ ಆಗ್ಯಾದ," ಎಂದು ಮೊಬೈಲ್ ತಿರುಗಿ ಕೊಟ್ಟ.

"ಔರಾದದಾಗ ಮೈದಾನದ ಗ್ಯಾಲರಿ ರಿಪೇರಿ ನಡದದರಿ. ರೇಲಿಂಗ್ ಕೆಲಸ ನನಗ ಬಂದದ. ಕೂಡಿ ಮಾಡೋಣು ಬರ್ರಿ."

ಶಿಷ್ಯನ ಕೆಲಸಕ್ಕೆ ಕೂಲಿಯಾಗಿ ಹೋಗುವುದು ಅವನಿಗೆ ಸುಲಭವಾಗಲಿಲ್ಲ. ಒಂದು ವಾರ ಉತ್ತರ ಕೊಡಲಿಲ್ಲ. ಎಂಟನೆಯ ದಿನ ಮೊದಲು ಠಾಣಾ ಕುಶನೂರಿಗೆ ಹೋಗಿ ಸುವರ್ಣಾಳ ಮುಂದೆ, "ತಪ್ಪಾತು, ತಂಗಿ," ಎಂದ. ಅವಳು ಚಹಾ ಕೊಟ್ಟು ಒಳಗೆ ಹೋದಳು. ಅಲ್ಲಿಂದ ಔರಾದಕ್ಕೆ ಹೋದ.

ಎರಡು ತಿಂಗಳು ಇಬ್ಬರೂ ಕೂಡಿ ಕೆಲಸ ಮಾಡಿದರು. ಮಧ್ಯಾಹ್ನ ಕೈಲಾಶ ರೊಟ್ಟಿ ಬಿಚ್ಚಿ ಕೂತಾಗ ಗೋರಖನಾಥ ಅವನ ಬೆಸುಗೆಗಳ ಮೇಲೆ ಬೆರಳಾಡಿಸುತ್ತ ತಪ್ಪು ಹುಡುಕುತ್ತಿದ್ದ.

"ಉಸ್ತಾದ, ಊಟಕ್ಕ ಬರ್ರಿ," ಎಂದು ಕೈಲಾಶ ಕರೆಯುತ್ತಿದ್ದ.

"ಬರ್ತೇನಿ, ನೀ ಉಣ್ಣು," ಎಂದು ಗೋರಖನಾಥ ಮುಂದಿನ ಕಂಬಕ್ಕೆ ಸರಿಯುತ್ತಿದ್ದ.