ಎಪ್ಪತ್ತೆರಡೂವರೆ ಕೆಜಿಯ ಗಂಡ

ಬಾಕ್ಸಿಂಗ್ ಕ್ಲಬ್ಬಿನ ಟವೆಲ್ಲು ಒಗೆಯುವ ಕೆಲಸಕ್ಕೆ ಸೇರಿದ ಮೊದಲ ವಾರವೇ ಅವಳಿಗೆ ಆ ಜಾಗ ಎಂಥದ್ದು ಎಂದು ತಿಳಿದುಹೋಯಿತು. ಗಂಡಸರು ಗುದ್ದಾಡುವ ಕಡೆ ರಕ್ತ ಹರಿಯುತ್ತದೆ ಎಂದು ಜನ ಹೇಳುತ್ತಾರಲ್ಲ, ಅದು ಬರೀ ಬಡಾಯಿ. ಹರಿಯುವುದು ಉಗುಳು, ಸಿಂಬಳ, ಬೆವರು. ರಕ್ತವೇನಿದ್ದರೂ ಮೇಲೆ ಕೊಟ್ಟ ಒಗ್ಗರಣೆ.

ಕ್ಲಬ್ಬಿನ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ, ಅದರಲ್ಲೊಂದು ಸಿಮೆಂಟಿನ ತೊಟ್ಟಿ. ಟವೆಲ್ಲುಗಳನ್ನು ಮೊದಲು ತಣ್ಣೀರಿನಲ್ಲೇ ನೆನೆಸಬೇಕು. ಬಿಸಿನೀರು ತಗುಲಿದರೆ ರಕ್ತ ನೂಲಿಗೆ ಕಚ್ಚಿಕೊಂಡು ಜನ್ಮಕ್ಕೂ ಬಿಡುವುದಿಲ್ಲ. ತಣ್ಣೀರಿಗೆ ಬಿದ್ದ ಕೂಡಲೇ ಲೋಳೆ ಬಿಟ್ಟುಕೊಂಡು ಮೇಲೆ ತೇಲುತ್ತಿತ್ತು. ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮುಖ ಗೋಡೆಯ ಕಡೆ ತಿರುಗಿಸಿ ಹಿಂಡುತ್ತಿದ್ದಳು. ಆ ರಾಶಿಯಲ್ಲಿ ಒಂದೇ ಒಂದು ಟವೆಲ್ಲು ಜಾಲಾಡಿಸಿ, ಹಿಂಡಿ, ಮಡಿಸಿ ಬರುತ್ತಿತ್ತು. ಅದು ಯಾರದು ಎಂದು ಒಂದು ದಿನ ಬಾಗಿಲ ಸಂದಿಯಿಂದ ಇಣುಕಿ ನೋಡಿದಳು. ಅಗಲ ಭುಜದ, ಮೂಗು ಆಗಲೇ ಎಡಕ್ಕೆ ವಾಲಿದ್ದ ಒಬ್ಬ ಹುಡುಗ ನಲ್ಲಿಯ ಕೆಳಗೆ ತನ್ನ ಟವೆಲ್ಲನ್ನು ತಾನೇ ತಿಕ್ಕುತ್ತಿದ್ದ.

"ಅದನ್ನ ನಾನು ಒಗೀತೀನಲ್ಲ, ನಿಮಗ್ಯಾಕೆ?" ಎಂದಳು.

"ನನ್ನ ಸಿಂಬಳ ನೀವ್ಯಾಕೆ ಮುಟ್ಬೇಕು?" ಎಂದ ಅವನು.

ಇಷ್ಟು ಸಾಕಾಯಿತು ಅವಳಿಗೆ ಮದುವೆಗೆ ಒಪ್ಪಲು.

ಅವನು ಐಸ್ ಕಾರ್ಖಾನೆಯಲ್ಲಿ ಕೊಕ್ಕೆ ಹಾಕಿ ಐಸ್ ಗಡ್ಡೆ ಎಳೆಯುತ್ತಿದ್ದವನು. ಚಿಕ್ಕಂದಿನಿಂದ ಹಾಗೆ ಎಳೆದು ಎಳೆದು ಭುಜ ಬಂದಿತ್ತು. ಆ ಭುಜ ನೋಡಿ ಕ್ಲಬ್ಬಿನ ಮೇಷ್ಟ್ರು ಕರೆದು ಕೈಗೆ ಗ್ಲೌಸು ತೊಡಿಸಿದ್ದರು. ಮೊದಮೊದಲು ಸಿನಿಮಾ ಟಾಕೀಸಿನಲ್ಲಿ, ಗೋದಾಮಿನಲ್ಲಿ ಹಗ್ಗ ಕಟ್ಟಿ ಆಡಿಸುವ ಸಣ್ಣ ಪಂದ್ಯಗಳು. ಮೇಲಿಂದ ಮೇಲೆ ಗೆದ್ದ. ಬೀದಿಯವರು ಅವನಿಗೆ ಗುದ್ದಣ್ಣ ಎಂದು ಹೆಸರಿಟ್ಟರು. ಮಿಡಲ್ ವೇಟ್ ಎಂಬ ತೂಕದಲ್ಲಿ ಆಡುತ್ತಿದ್ದ. ಅದರಲ್ಲಿ ಆಡುವವನು ಎಪ್ಪತ್ತೆರಡೂವರೆ ಕೆಜಿಯ ಮೇಲೆ ಒಂದು ಕೂದಲೆಳೆಯಷ್ಟೂ ಇರಕೂಡದು.

ಮದುವೆಯಾಗಿ ಬಂದಾಗ ಅತ್ತೆ ಅವಳ ಕಿವಿಯಲ್ಲಿ ಹೇಳಿದ್ದರು, "ಹೆದರ್ಬೇಡ ಕಣಮ್ಮಾ. ನನ್ನ ಮಗ ಬೀದೀಲಿ ಹುಲಿ, ಮನೇಲಿ ಇಲಿ."

ಇಲಿಯೇ ಸರಿ. ಆದರೆ ಗೆದ್ದ ಹುಲಿ ಮನೆಗೆ ಬರುವ ಚಂದವನ್ನು ಪೋಸ್ಟರಿನಲ್ಲಿ ಯಾರೂ ಅಚ್ಚು ಹಾಕಿಸುವುದಿಲ್ಲ. ಕಣ್ಣು ಮುಚ್ಚಿ ಊದಿಕೊಂಡು, ಮುಖ ಬೇಯಿಸಿದ ಬೀಟ್‌ರೂಟಿನ ಹಾಗೆ. ದವಡೆ ಅಲ್ಲಾಡಿಸಲಾಗದೆ ಚಮಚದಲ್ಲಿ ಗಂಜಿ ಕುಡಿಸಬೇಕು. ಅದರಲ್ಲಿ ಅರ್ಧ ಮೂಗಿನಿಂದ ವಾಪಸು. ಹಲ್ಲಿಗೆ ಕಚ್ಚಿಕೊಳ್ಳುವ ರಬ್ಬರಿನ ಗಾರ್ಡನ್ನು ಅವನು ಅಡಿಗೆಮನೆಯ ಲೋಟದಲ್ಲಿ ನೆನೆಹಾಕುತ್ತಿದ್ದ. ಒಂದು ಸಲ ಗೊತ್ತಿಲ್ಲದೆ ಅವಳು ಆ ಲೋಟದ ನೀರನ್ನೇ ಕುಡಿದು, ಕರುಳು ಬಾಯಿಗೆ ಬರುವ ಹಾಗೆ ಕಾರಿಕೊಂಡಳು. ಅಂದಿನಿಂದ ಆ ಲೋಟದ ತಳಕ್ಕೆ ಮೊಳೆಯಲ್ಲಿ ಗೀಚಿ ಗುರುತು ಮಾಡಿ, ಬಚ್ಚಲಿಗೆ ಗಡೀಪಾರು ಮಾಡಿದಳು.

ಇಷ್ಟೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಅವನ ಮೇನೇಜರು.

ಬಿಳಿ ಅಂಗಿ, ಪಾಲಿಶ್ ಬೂಟು, ಮೈತುಂಬ ಸೆಂಟು. ಅವನು ಬೀದಿಯ ತುದಿಗೆ ಬಂದಾಗಲೇ ಮನೆಯೊಳಗಿದ್ದ ಅತ್ತೆ ಸೀನುತ್ತಿದ್ದರು. ಅವನಿಗೆ ಸೆಂಟು ಎಂದೇ ಹೆಸರಿಟ್ಟವರೂ ಅವರೇ. ಗುದ್ದಣ್ಣನ ಭುಜ ತಟ್ಟಿ "ನನ್ನ ಹುಲಿ, ನನ್ನ ಹುಲಿ" ಎನ್ನುವನು, ಆಮೇಲೆ ಆ ಕೈಯನ್ನು ಕರ್ಚೀಫಿನಲ್ಲಿ ಒರೆಸಿಕೊಳ್ಳುವನು. ಅವಳ ಕಣ್ಣಿಗೆ ಬೀಳುತ್ತಿದ್ದುದು ಆ ಒರೆಸಿಕೊಳ್ಳುವುದೊಂದೇ.

ಮೂವತ್ತು ದಾಟಿದ ಮೇಲೆ ಗುದ್ದಣ್ಣನ ಮೈ ತುಂಬಿಕೊಂಡಿತು. ಸುಮ್ಮನೆ ಉಂಡುಕೊಂಡಿದ್ದರೆ ಎಂಬತ್ತು ಕೆಜಿ ತೂಗುವ ಆಳು. ಮೇಷ್ಟ್ರು ಹೇಳಿಯೇ ಹೇಳಿದರು, ಇವನನ್ನು ಇನ್ನು ಮೇಲಿನ ತೂಕಕ್ಕೆ ಬಿಡಿ ಎಂದು. ಸೆಂಟು ಕೇಳಲಿಲ್ಲ.

"ಮೇಲಿನ ತೂಕದಲ್ಲಿರೋರೆಲ್ಲ ಕೋಣಗಳು ಮೇಷ್ಟ್ರೇ. ಅಲ್ಲಿ ಇವನು ಆಡಿನ ಮರಿ. ಇಲ್ಲಿ ಇದ್ರೆ ರಾಜ. ಒಣಗಿಸಿದ್ರಾಯ್ತು."

ಒಣಗಿಸುವುದು. ಮೀನು ಒಣಗಿಸಿದ ಹಾಗೆ ಗಂಡನನ್ನು ಒಣಗಿಸುವ ಕೆಲಸಕ್ಕೆ ಅವಳ ಮನೆಯೇ ಅಂಗಳವಾಯಿತು. ಪಂದ್ಯ ಹತ್ತಿರ ಬಂದರೆ ಅಡಿಗೆಗೆ ಉಪ್ಪಿಲ್ಲ. ನೀರು ನಾಲಿಗೆ ಒದ್ದೆಯಾಗುವಷ್ಟು. ಮೈಗೆ ಪ್ಲಾಸ್ಟಿಕ್ಕಿನ ಅಂಗಿ ಚಲ್ಲಣ ತೊಡಿಸಿ, ಬಚ್ಚಲಿನಲ್ಲಿ ಹಂಡೆಗಟ್ಟಲೆ ನೀರು ಕುದಿಸಿ, ಬಾಗಿಲು ಮುಚ್ಚಿ ಕೂರಿಸುವುದು. ಅವನು ಹೊರಬಂದು ಅಂಗಿಯ ತೋಳು ಬಗ್ಗಿಸಿದರೆ ಬೆವರು ಚೊಂಬಿನಿಂದ ಸುರಿದ ಹಾಗೆ ಸುರಿಯುತ್ತಿತ್ತು. ಆ ನೆಲವನ್ನು ಅವಳು ಒರೆಸುತ್ತಿದ್ದಳು. ಕೊನೆಯ ದಿನಗಳಲ್ಲಿ ಬೆವರೂ ಬಾರದು. ಆಗ ಚ್ಯೂಯಿಂಗ್ ಗಮ್ಮು ಅಗಿದು ಅಗಿದು ಸೀಸೆಗೆ ಉಗಿಯುವುದು. ಉಗುಳಿಗೂ ತೂಕವಿದೆಯಂತೆ! ಟ್ಯಾಕ್ಸಿಯಲ್ಲಿ ಹೋಗುವಾಗ, ನೆಂಟರು ಬಂದು ಕೂತಾಗ, ಎಲ್ಲರೆದುರು ತುಟಿಗೆ ಸೀಸೆ. ಮೊದಲು ನೀರಿನ ಹಾಗಿದ್ದದ್ದು ಬರುಬರುತ್ತ ಅಂಟಿನ ಹಾಗೆ ನೂಲು ನೂಲಾಗಿ ಇಳಿಯುತ್ತಿತ್ತು. ಅವಳಿಗೆ ಆ ದಿನಗಳಲ್ಲಿ ಅನ್ನ ಗಂಟಲಿಗೆ ಇಳಿಯುತ್ತಿರಲಿಲ್ಲ. ಗಂಡ ಒಣಗಿದಷ್ಟೇ ಹೆಂಡತಿಯೂ ಸೊರಗುತ್ತಿದ್ದಳು, ಯಾವ ತಕ್ಕಡಿಯ ಕಾಟವೂ ಇಲ್ಲದೆ.

ಜಗಳವಾಗದೆ ಇರುತ್ತದೆಯೇ? ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಉಣ್ಣುವುದೇ ಇಲ್ಲದ ಮನೆಯಲ್ಲಿ ಅದು ಮುಗಿಯುವುದಾದರೂ ಹೇಗೆ? ಒಂದು ಪಂದ್ಯದ ಜಗಳ ಇನ್ನೊಂದು ಪಂದ್ಯದವರೆಗೂ ಎಳೆಯುತ್ತಿತ್ತು.

ಕೊನೆಗೆ ಆ ದೊಡ್ಡ ಪಂದ್ಯ ಬಂತು. ಗೆದ್ದರೆ ಸೊಂಟಕ್ಕೆ ಚಾಂಪಿಯನ್ನರ ಪಟ್ಟಿ. ಗುದ್ದಣ್ಣ ಅದರ ಚಿತ್ರವನ್ನು ಪೇಪರಿನಿಂದ ಕತ್ತರಿಸಿ ಕನ್ನಡಿಯ ಮೂಲೆಗೆ ಅಂಟಿಸಿದ್ದ. ಪಂದ್ಯದ ಹಿಂದಿನ ದಿನ, ತೂಕ ಹಾಕುವ ಬೆಳಿಗ್ಗೆ, ಅವನಿಗೆ ಬಚ್ಚಲಿಗೆ ಹೋಗಲೂ ಕಾಲು ನಿಲ್ಲಲಿಲ್ಲ. ಮಂಚದ ಮೇಲೆಯೇ ಕೂತು ಉಚ್ಚೆ ಹೊಯ್ಯಲು ಮಗ್ಗು ಕೇಳಿದ. ಅದನ್ನು ಚೆಲ್ಲಲು ಒಯ್ದವಳು ಬೆಳಕಿಗೆ ಹಿಡಿದು ನಿಂತುಬಿಟ್ಟಳು. ಪಂದ್ಯ ಮುಗಿದ ಮೇಲೆ ಒಂದೆರಡು ದಿನ ಕೆಂಪಗೆ ಹೋಗುವುದನ್ನು ಅವಳು ಎಷ್ಟೋ ಸಲ ಕಂಡಿದ್ದಳು. ಇದು ಕೆಂಪಲ್ಲ. ಹಾಲು ಹಾಕದ ಟೀಯ ಬಣ್ಣ. ಇನ್ನೂ ಯಾರೂ ಅವನ ಮೇಲೆ ಕೈಯೇ ಮಾಡಿರಲಿಲ್ಲ!

"ರೀ, ಇದನ್ನ ಡಾಕ್ಟ್ರಿಗೆ ತೋರಿಸೋಣ."

"ತೂಕದ ಹತ್ರ ಡಾಕ್ಟ್ರು ಇರ್ತಾರೆ."

"ಅವರು ನಾಡಿ ಹಿಡಿದು, ಬೆನ್ನು ತಟ್ಟಿ, ನಕ್ಕು ಕಳಿಸ್ತಾರೆ. ಯಾವತ್ತಾದ್ರೂ ಇದನ್ನ ಕೇಳಿದಾರಾ?"

"ಬಾಯಿ ಮುಚ್ಕೊಂಡಿರೇ. ಇದೊಂದು ಆಗಿಹೋಗ್ಲಿ." ನಾಲಿಗೆ ಒಣಗಿ ಅವನ ಮಾತು ಗರಗಸದ ಹಾಗೆ ಕೇಳುತ್ತಿತ್ತು.

ಅವಳು ಅತ್ತೆಯ ಮುಂದೆ ಹೋಗಿ ಮಗ್ಗು ಹಿಡಿದಳು. ಮುದುಕಿ ಮೂಗಿಗೆ ಕೈ ಅಡ್ಡ ಹಿಡಿದು ಬಗ್ಗಿ ನೋಡಿದರು.

"ನಮ್ಮ ಬಾಯಿಮಾತು ಅಲ್ಲಿ ಯಾರು ಕೇಳ್ತಾರಮ್ಮಾ? ಸೀಸೇಲಿ ತುಂಬ್ಕೊಂಡು ಹೋಗು. ಡಾಕ್ಟ್ರ ಮೇಜಿನ ಮೇಲೆ ಇಡು. ಕಣ್ಣಿಗೆ ಕಂಡದ್ದನ್ನ ಇಲ್ಲ ಅನ್ನೋಕಾಗಲ್ಲ."

"ನಿಮ್ಮ ಮಗ ನನ್ನನ್ನ ಕೊಂದೇಬಿಡ್ತಾರೆ ಅತ್ತೆ."

"ಕೊಲ್ಲೋಕಾದ್ರೂ ಅವನು ಬದುಕಿರ್ಬೇಕಲ್ಲ."

ಔಷಧಿಯ ಖಾಲಿ ಸೀಸೆಯೊಂದನ್ನು ತೊಳೆದು, ತುಂಬಿ, ಬಿರಡೆ ತಿರುಗಿಸಿ, ಟವೆಲ್ಲಿನಲ್ಲಿ ಸುತ್ತಿ ಅವಳು ಚೀಲದೊಳಗಿಟ್ಟುಕೊಂಡಳು. ತೂಕ ಹಾಕುವಾಗ ಟವೆಲ್ಲಿನ ಕೆಲಸ ಇದ್ದೇ ಇರುತ್ತದೆ. ಮುಳ್ಳು ಸ್ವಲ್ಪ ಮೇಲೆ ಹೋದರೆ ಚಡ್ಡಿಯನ್ನೂ ಬಿಚ್ಚಿಸುತ್ತಾರೆ, ಆಗ ಮುಂದೆ ಯಾರಾದರೂ ಟವೆಲ್ಲು ಅಡ್ಡ ಹಿಡಿಯಬೇಕು. ಆ ನೆಪದಲ್ಲಿ ಅವಳನ್ನೂ ಒಳಗೆ ಬಿಟ್ಟರು.

ದೊಡ್ಡ ಹೋಟೆಲಿನ ಸಭಾಂಗಣ. ನೆಲಕ್ಕೆ ಕಾರ್ಪೆಟ್ಟು, ಗೋಡೆಯುದ್ದಕ್ಕೂ ಕ್ಯಾಮೆರಾ ಹಿಡಿದವರು, ಬಿಸ್ಕತ್ತು ತಿನ್ನುವವರು. ನಡುವೆ ತೂಕದ ಯಂತ್ರ. ಗುದ್ದಣ್ಣ ಅದರ ಮೇಲೆ ಹತ್ತಿದಾಗ ಪಕ್ಕೆಲುಬುಗಳನ್ನು ಎಣಿಸಬಹುದಿತ್ತು, ಕಣ್ಣು ಎರಡು ಗುಂಡಿಯೊಳಗಿತ್ತು. ಅವಳು ಟವೆಲ್ಲು ಬಿಡಿಸಿ ಅಡ್ಡ ಹಿಡಿದಳು. ಚಡ್ಡಿ ಬಿಚ್ಚಿದರೂ ಮುಳ್ಳು ಗೆರೆ ದಾಟಿಯೇ ನಿಂತಿತು. ಒಂದು ಮುಷ್ಟಿ ಅಕ್ಕಿಯಷ್ಟು ಹೆಚ್ಚು.

"ಇಳಿಸೋಕೆ ಒಂದು ಗಂಟೆ ಟೈಮ್ ಇದೆ," ಎಂದರು ತೂಕ ನೋಡುವವರು.

ಸೆಂಟುವಿನ ಮುಖ ಹುಳಿಯಾಯಿತು. "ನಿನ್ನೆ ಸರಿಯಾಗಿತ್ತು! ಯಾರೋ ಏನೋ ಕುಡಿಸಿದಾರೆ!" ಅವನಿಗೆ ಇದೊಂದು ಅನುಮಾನ ಹಳೆಯದು. ಹಿಂದೊಮ್ಮೆ ಬೇರೊಬ್ಬ ಬಾಕ್ಸರನ ಹೆಂಡತಿ ಗಂಡನ ಸಂಕಟ ನೋಡಲಾರದೆ ಫ್ಲಾಸ್ಕಿನಲ್ಲಿ ಟೀ ಕದ್ದು ತಂದು ಕುಡಿಸಿದ್ದಳು. ಅಂದಿನಿಂದ ಹೆಂಗಸರ ಚೀಲ ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಈಗಲೂ ಅವಳ ಹೆಗಲಿನಿಂದ ಚೀಲ ಕಿತ್ತುಕೊಂಡ. ಸೀಸೆ ಹೊರಬಂತು.

"ನೋಡಿ! ನೋಡಿ ಎಲ್ಲರೂ! ಟೀ!" ಎಂದು ಎತ್ತಿ ತೋರಿಸಿದ. "ಟೀ ಕುಡಿಸ್ತೀಯೇನಮ್ಮಾ ನನ್ನ ಹುಲಿಗೆ? ಸಕ್ಕರೆ ಬೇರೆ ಹಾಕಿರ್ಬೇಕು!"

"ಸಾಹೇಬ್ರೇ, ಅದು..."

"ಮಾತಾಡ್ಬೇಡ ನೀನು!"

ಬಿರಡೆ ತಿರುಗಿಸಿದ. ಬೇರೆ ಯಾರೇ ಆಗಿದ್ದರೂ ಅಲ್ಲಿಗೇ ತಿಳಿಯುತ್ತಿತ್ತು. ಆದರೆ ವರ್ಷಾನುಗಟ್ಟಲೆ ಸೆಂಟು ಸುರಿದುಕೊಂಡು ಆ ಮನುಷ್ಯನ ಮೂಗು ಎಂದೋ ಸತ್ತುಹೋಗಿತ್ತು. ಸಕ್ಕರೆ ಇದೆಯೇ ಇಲ್ಲವೇ ಎಂದು ನೋಡಲು, ಅಷ್ಟೂ ಜನರ ಮುಂದೆ, ಸೀಸೆಯನ್ನು ಬಾಯಿಗೆ ಬಗ್ಗಿಸಿ ಒಂದು ಗುಟುಕು ಎಳೆದ.

ನಾಲಿಗೆಯ ಮೇಲೆ ಇಟ್ಟುಕೊಂಡು ಯೋಚಿಸಿದ. ಹುಬ್ಬು ಗಂಟಿಕ್ಕಿದ. ನುಂಗಿದ.

"ಇದೇನು, ಉಪ್ಪು ಹಾಕಿದ್ದೀಯಾ?"

"ಅದು ಟೀ ಅಲ್ಲ ಸಾಹೇಬ್ರೇ," ಎಂದಳು ಅವಳು. "ನಿಮ್ಮ ಹುಲೀದೇ ಅದು. ಇವತ್ತು ಬೆಳಿಗ್ಗೆದು. ಡಾಕ್ಟ್ರಿಗೆ ತೋರಿಸೋಕೆ ತಂದಿದ್ದೆ."

ಮೊದಲು ಅರ್ಥವಾದದ್ದು ಕ್ಯಾಮೆರಾದವರಿಗೆ. ಸೆಂಟು ಕೈಗೆ ಸಿಕ್ಕ ಪಾತ್ರೆಗೆ ಉಗಿಯಲು ಹೋಗಿ, ಯಂತ್ರದ ಪಕ್ಕದಲ್ಲಿದ್ದ ಗುದ್ದಣ್ಣನ ಉಗುಳಿನ ಸೀಸೆಯನ್ನೇ ಹಿಡಿದ. ಅದನ್ನು ಕಂಡು ಕಾರ್ಪೆಟ್ಟಿನ ಮೇಲೇ ಕಾರಿಕೊಂಡ. ಪಾಲಿಶ್ ಬೂಟಿನ ಮೇಲೂ ಬಿತ್ತು. ಅಷ್ಟು ವರ್ಷ ಬೇರೆಯವರ ಉಗುಳು ಸಿಂಬಳವನ್ನೆಲ್ಲ ತೊಳೆದ ಅವಳಿಗೆ ಆ ಕ್ಷಣ ಹೇಸಿಗೆ ಎನಿಸಿದ್ದು ಆ ಗಲೀಜಲ್ಲ. ಬಿಸ್ಕತ್ತು ಹಿಡಿದುಕೊಂಡೇ ನಗುತ್ತಿದ್ದ ಆ ಗುಂಪು. ಯಂತ್ರದ ಮೇಲೆ ಬತ್ತಲೆ ನಡುಗುತ್ತ ನಿಂತವನನ್ನು ಅವರಲ್ಲಿ ಒಬ್ಬನೂ ನೋಡುತ್ತಿರಲಿಲ್ಲ.

ಡಾಕ್ಟರು ಮಾತ್ರ ನಗಲಿಲ್ಲ. ಅವಳು ತಂದ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, "ಇಷ್ಟು ಕಪ್ಪಗೆ ಯಾವಾಗಿನಿಂದ?" ಎಂದು ಕೇಳಿದರು. ಅವರು ಆ ಸಭಾಂಗಣದಲ್ಲಿ ಯಾರನ್ನಾದರೂ ಒಂದು ಪ್ರಶ್ನೆ ಕೇಳಿದ್ದು ಅದೇ ಮೊದಲಿರಬೇಕು. ಪಂದ್ಯ ಅಲ್ಲಿಗೆ ನಿಂತಿತು. ಗುದ್ದಣ್ಣನನ್ನು ಟವೆಲ್ಲಿನಲ್ಲಿ ಸುತ್ತಿ ನೇರ ಆಸ್ಪತ್ರೆಗೆ ಒಯ್ದರು. ಇನ್ನೊಂದು ದಿನ ಕಳೆದಿದ್ದರೆ ಎರಡೂ ಕಿಡ್ನಿ ಹೋಗುತ್ತಿತ್ತು ಎಂದರು ಅಲ್ಲಿಯವರು. ರಿಂಗಿನಲ್ಲಿ ಪಕ್ಕೆಗೊಂದು ಏಟು ಬಿದ್ದಿದ್ದರೆ ಆ ದಿನವೂ ಬೇಕಿರಲಿಲ್ಲವಂತೆ.

ಗ್ಲೂಕೋಸು ಏರುತ್ತಿದ್ದ ಕೈಯನ್ನು ನೋಡುತ್ತ ಅವನು ಅವಳಿಗೆ ಒಂದೇ ಮಾತು ಹೇಳಿದ: "ನನ್ನ ಮಾನಾನ ಸೀಸೇಲಿ ತುಂಬ್ಕೊಂಡು ಹೋಗಿ ಊರಿಗೆಲ್ಲ ಹಂಚಿದೆ."

ಆಮೇಲೆ ಮಾತು ಬಿಟ್ಟ.

ಬಾಕ್ಸಿಂಗ್ ಮುಗಿಯಿತು. ಗುಣವಾಗಿ ಐಸ್ ಕಾರ್ಖಾನೆಗೇ ಮರಳಿದ. ಎಳೆಯುವ ಕೆಲಸ ಬೇಡವೆಂದು ಗೇಟಿನಲ್ಲಿ ಕೂರಿಸಿದರು. ಕೊನೆಗೆ ಅವನನ್ನು ಒಯ್ದದ್ದೂ ಕಿಡ್ನಿಯೇ, ಆದರೆ ಅದು ಅವನು ಮುದುಕನಾಗುವ ತನಕ ಕಾಯಬೇಕಾಯಿತು. ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಮಾತ್ರ ಮನೆಯಲ್ಲಿ ಎಲ್ಲವೂ ಅತ್ತೆಯ ಮೂಲಕವೇ ನಡೆಯಬೇಕು.

"ಟವೆಲ್ ಕೊಡು ಅಂತ ಹೇಳಮ್ಮ ಅವಳಿಗೆ."

"ನಾನೇನು ಪೋಸ್ಟಾಫೀಸೇನೋ? ಎದುರಿಗೇ ಇದಾಳೆ, ನೀನೇ ಕೇಳು."

ಕೇಳುತ್ತಿರಲಿಲ್ಲ. ಒದ್ದೆ ಮೈಯಲ್ಲೇ ನಿಲ್ಲುತ್ತಿದ್ದ. ಕನ್ನಡಿಯ ಮೂಲೆಯ ಚಿತ್ರವನ್ನು ಅವನೂ ಕೀಳಲಿಲ್ಲ, ಅವಳೂ ಮುಟ್ಟಲಿಲ್ಲ. ಬದುಕಿಸಿಕೊಂಡದ್ದು ಗಂಡನನ್ನೋ ಒಂದು ಕಲ್ಲುಕಂಬವನ್ನೋ ಎಂದು ಅವಳಿಗೆ ಎಷ್ಟೋ ಸಲ ಅನಿಸಿತು.

ಒಂದು ಭಾನುವಾರ ಬೆಳಿಗ್ಗೆ ಅತ್ತೆ ಸೀನಿದರು. ಬಾಗಿಲಲ್ಲಿ ಸೆಂಟು ನಿಂತಿದ್ದ. ಹೊಸ ಬೂಟು. ಒಳಗೆ ಬಂದು, ಕೂತು, ಕರ್ಚೀಫು ತೆಗೆದು ಕುರ್ಚಿಯ ಕೈ ಒರೆಸಿದ.

"ಹಳೇದೆಲ್ಲ ಮರೆತಿದೀನಪ್ಪಾ. ಹೊಸಬ ಒಬ್ಬ ಸಿಕ್ಕಿದಾನೆ, ಹುಲಿ ಅಂದ್ರೆ ಹುಲಿ. ತೂಕ ಮಾತ್ರ ಸ್ವಲ್ಪ ಜಾಸ್ತಿ. ಒಣಗಿಸೋ ವಿದ್ಯೆ ನಿನ್ನಷ್ಟು ಯಾರಿಗೆ ಗೊತ್ತು? ಬಂದು ಜೊತೆಗಿರು. ಮತ್ತೆ ರಿಂಗಿನ ಪಕ್ಕ ನಿಲ್ಬಹುದು."

ಗುದ್ದಣ್ಣ ತಲೆ ತಗ್ಗಿಸಿ ಕೇಳುತ್ತಿದ್ದ. ಬೇಡ ಎನ್ನಲಿಲ್ಲ. ಅವನ ಬಲಗೈ ತಾನಾಗಿ ಮುಷ್ಟಿ ಕಟ್ಟಿ ಬಿಚ್ಚುತ್ತಿತ್ತು. ಅಡಿಗೆಮನೆಯಿಂದ ಅವಳು ಅದನ್ನು ಕಂಡಳು. ಹೋಗುತ್ತಾನೆ, ಇನ್ನೊಬ್ಬಳ ಮನೆಯ ಬಚ್ಚಲಿನಲ್ಲಿ ನೀರು ಕುದಿಸುತ್ತಾನೆ. ಮನೆಗೆ ಬಂದವರಿಗೆ ಟೀ ಕೊಡಬೇಕಲ್ಲ ಎಂದು ಒಲೆ ಹಚ್ಚಿದಳು. ಹಾಲು ಮುಗಿದಿತ್ತು. ಹಾಗೇ ಗಾಜಿನ ಲೋಟಕ್ಕೆ ಸೋಸಿ, ತಂದು, ಸೆಂಟುವಿನ ಮುಂದಿಟ್ಟಳು.

ಸೆಂಟು ಮಾತಿನ ಭರದಲ್ಲಿ ಕೈ ಚಾಚಿದ. ಕಣ್ಣು ಲೋಟದ ಮೇಲೆ ಬಿತ್ತು. ಕೈ ಅಲ್ಲೇ ನಿಂತಿತು. ಮಾತು ನಿಂತುಹೋಯಿತು.

ಮಾತು ಯಾಕೆ ನಿಂತಿತೆಂದು ಗುದ್ದಣ್ಣ ತಲೆ ಎತ್ತಿದ. ಲೋಟ ನೋಡಿದ, ಸೆಂಟುವಿನ ಮುಖ ನೋಡಿದ. ಅವನ ಭುಜ ಅಲುಗತೊಡಗಿತು. ಏನಾಯಿತೋ ಎಂದು ಅವಳು ಗಾಬರಿಯಾಗಿ ಹತ್ತಿರ ಬಂದಳು, ನೋಡಿದರೆ ನಗು. ವಾಲಿದ ಮೂಗಿನಿಂದ ಸೀಟಿ ಹೊಡೆಯುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಗು.

"ಕುಡೀರಿ ಸಾರ್," ಎಂದ ಅವನು ಉಸಿರು ಎಳೆದುಕೊಂಡು. "ಇದಕ್ಕೆ ಸಕ್ಕರೆ ಹಾಕಿದಾಳೆ."

ಸೆಂಟು ಎದ್ದು ಹೋದವನು ಮತ್ತೆ ಆ ಬೀದಿಗೆ ಬರಲಿಲ್ಲ. ಅವನ ವಾಸನೆ ಮಾತ್ರ ಕುರ್ಚಿಯಲ್ಲಿ ಸಂಜೆಯವರೆಗೂ ಇತ್ತು.

"ಏ," ಎಂದ ಗುದ್ದಣ್ಣ, ತಾಯಿಯ ಕಡೆ ನೋಡದೆ ನೇರ ಅವಳಿಗೇ. "ನಂಗೊಂದು ಲೋಟ ನೀರು ಕೊಡೇ."

ಕೊಟ್ಟಳು. ಗಟಗಟನೆ ಕುಡಿದು ಲೋಟ ಮತ್ತೆ ಮುಂದೆ ಚಾಚಿದ, ಇನ್ನೊಂದು ಕೊಟ್ಟಳು. ಆಮೇಲೆ ಸೆಂಟು ಮುಟ್ಟಿಯೂ ಇಲ್ಲದ ಆ ಟೀಯನ್ನು ಬಚ್ಚಲಿಗೆ ಚೆಲ್ಲಿ, ಗಾಜಿನ ಲೋಟವನ್ನು ಬೂದಿ ಹಾಕಿ ಎರಡೆರಡು ಸಲ ಉಜ್ಜಿದಳು.